ಆಯುಧಪೂಜೆಗೆ ಇಟ್ಟ ಕ್ಯೂ

ನನ್ನ ಮಗಳು ಸುಮೇಧಾ ಒಂದು ಕೋಲನ್ನು ಆರಿಸಲು ತೆಗೆದುಕೊಂಡಷ್ಟು ಹೊತ್ತನ್ನು ನಾನು ಅವಳ ಅಪ್ಪನನ್ನು ಒಪ್ಪಿಕೊಳ್ಳಲು ತೆಗೆದುಕೊಂಡಿರಲಿಲ್ಲ. ಇವರು ಉಡುಪಿಯ ನಮ್ಮ ಮನೆಗೆ ಬಂದು, ಕಾಫಿ ಕುಡಿದು, ಉಪ್ಪಿಟ್ಟಿನ ಸಾಸಿವೆ ಸ್ವಲ್ಪ ಕರಟಿದೆ ಎಂದು ನನ್ನ ಅಮ್ಮನಿಗೇ ಹೇಳಿ ಹೋದವರು. ಡೊಂಬಿವಲಿಯಲ್ಲಿ ಸ್ವಂತ ಹೋಟೆಲ್ ಉಂಟಂತೆ, ಬಾಯಿ ಜೋರಾದರೂ ಮನುಷ್ಯ ಸಾಚಾ ಎಂದು ಅಮ್ಮ ಹೇಳಿದರು, ನಾನು ಹೂಂ ಎಂದೆ. ಮದುವೆ ಆಗಿಯೇ ಹೋಯಿತು.

ಅಮ್ಮ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಊರಿನವರ ತಪ್ಪನ್ನೆಲ್ಲ ಎತ್ತಿ ಹೇಳುವ ಈ ಪುಂಡರೀಕಾಕ್ಷ ರಾಯರಿಗೆ ತಮ್ಮ ತಪ್ಪನ್ನು ಯಾರಾದರೂ ಹೇಳಿದರೆ ಮುಗಿಯಿತು, ಆ ಕೆಲಸದ ಕಡೆಗೆ ಮತ್ತೆ ತಿರುಗಿ ನೋಡುವುದಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ ಪ್ರೀತಿಯಿಂದ ಮನೆಯಲ್ಲಿ ಸಾಂಬಾರು ಮಾಡಿದರು. ಉಪ್ಪು ಒಂಚೂರು ಜಾಸ್ತಿಯಾಯಿತು ಎಂದೆ. ಅವತ್ತಿನಿಂದ ಇವತ್ತಿನವರೆಗೆ ನಮ್ಮ ಮನೆಯ ಒಲೆಯನ್ನು ಅವರು ಮುಟ್ಟಿಲ್ಲ. ಇಡೀ ಡೊಂಬಿವಲಿಗೆ ಸಾಂಬಾರು ಬಡಿಸುವ ಮನುಷ್ಯನ ಹೆಂಡತಿ ನಾನು, ನನ್ನ ಸಾಂಬಾರನ್ನು ನಾನೇ ಮಾಡಿಕೊಳ್ಳುತ್ತೇನೆ.

ಸುಮೇಧಾ ಐರೋಲಿಯ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಊಟದ ಬಿಡುವಿನಲ್ಲಿ ಆಡುತ್ತ ಆಡುತ್ತ ಪೂಲ್ ಆಟದ ಹುಚ್ಚು ಹಿಡಿಸಿಕೊಂಡಳು. ಹಸಿರು ಬಟ್ಟೆ ಹೊದೆಸಿದ ಮೇಜಿನ ಮೇಲೆ ಕ್ಯೂ ಎಂಬ ಉದ್ದನೆಯ ಕೋಲಿನಿಂದ ಬಿಳಿ ಗುಂಡನ್ನು ಹೊಡೆದು, ಅದರಿಂದ ಬಣ್ಣದ ಗುಂಡುಗಳನ್ನು ತೂತುಗಳಿಗೆ ಬೀಳಿಸುವ ಆಟ. ನನಗೆ ನೋಡಲು ಚಂದವೆನಿಸಿತು. ಇವರಿಗೆ ಮಾತ್ರ ಪೂಲ್ ಎಂದರೆ ಮೈಯೆಲ್ಲ ಉರಿ. ಹೋಟೆಲಿನ ಕೆಲಸದವರು ರಜೆಯ ದಿನ ಪೂಲ್ ಪಾರ್ಲರಿಗೆ ಹೋಗಿ, ಸಿಗರೇಟಿನ ವಾಸನೆ ಹೊತ್ತು, ಯಾರ ಜತೆಗೋ ಹೊಡೆದಾಡಿ ಬಂದದ್ದನ್ನು ಅವರು ಕಂಡಿದ್ದರು. ಅಂಥ ಜಾಗದಲ್ಲಿ ತನ್ನ ಮಗಳು ಬಗ್ಗಿ ನಿಂತು ಗುಂಡು ಹೊಡೆಯುವುದನ್ನು ನೆನೆಸಿಕೊಳ್ಳಲೂ ಅವರಿಂದ ಆಗುತ್ತಿರಲಿಲ್ಲ. ಜಗಳ ಆಡಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಆಟದ ಸುದ್ದಿ ಬಂದರೆ ಸುಮ್ಮನೆ ಎದ್ದು ಹೋಗುತ್ತಿದ್ದರು.

ಇದು ಹುಡುಗಿಯನ್ನು ಒಳಗೊಳಗೇ ಕೊರೆಯುತ್ತಿತ್ತು. ಗೆದ್ದ ಕಪ್ಪುಗಳನ್ನು ಶೋಕೇಸಿನಲ್ಲಿ ಇಡದೆ ಬಟ್ಟೆಯ ಕಪಾಟಿನಲ್ಲಿ ದುಪಟ್ಟಾಗಳ ಹಿಂದೆ ಇಡುತ್ತಿದ್ದಳು. ಅಪ್ಪ ಒಂದೇ ಒಂದು ಸಲ ಬಂದು ನೋಡಿದರೆ ಸಾಕಿತ್ತು ಎಂದು ನನ್ನ ಹತ್ತಿರ ಹೇಳಿ, ನಾನು ಇವರ ಕಿವಿಗೆ ಹಾಕುತ್ತೇನೆಂದರೆ ಬೇಡ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇಬ್ಬರದೂ ಒಂದೇ ಹಠ. ನಡುವೆ ನಾನು.

ದಸರೆಯ ರಜೆಗೆ ವಾಶಿಯಲ್ಲಿ ಕಂಪನಿಗಳ ಹೆಂಗಸರ ಪಂದ್ಯದ ಫೈನಲ್ ಎಂದು ಗೊತ್ತಾದಾಗ, ಇನ್ನು ಎರವಲು ಕ್ಯೂ ಸಾಕು, ನನ್ನದೇ ಒಂದು ಬೇಕು ಎಂದಳು. ಘೋಡಬಂದರ್ ರಸ್ತೆಯ ಮಾಲೊಂದರ ಹಿಂದಿನ ಗಲ್ಲಿಯಲ್ಲಿ ಮನೀಶ್ ಎಂಬವನ ಅಂಗಡಿ ಇದೆ. ನನ್ನನ್ನೂ ಎಳೆದುಕೊಂಡು ಹೋದಳು.

ಗೋಡೆಯುದ್ದಕ್ಕೂ ಕ್ಯೂಗಳು ನಿಂತಿದ್ದವು. ಹಿಡಿಯ ಮೇಲೆ ಮುತ್ತಿನ ಚಿಪ್ಪಿನ ಹೂವು ಕೂರಿಸಿದ್ದ ಒಂದು ನನಗೆ ತುಂಬ ಹಿಡಿಸಿತು. ಸುಮೇಧಾ ಅದನ್ನು ಮೇಜಿನ ಮೇಲೆ ಮಲಗಿಸಿ ಅಂಗೈಯಿಂದ ಉರುಳಿಸಿದಳು. ಮುಂದಿನ ತುದಿ ಮೇಲೆ ಕೆಳಗೆ ಕುಣಿಯಿತು. ಒಳಗೆ ಬಾಗಿದೆ ಎಂದು ವಾಪಸಿಟ್ಟಳು. ಇನ್ನೊಂದು ನೇರವಾಗಿತ್ತು, ಆದರೆ ಬೆರಳ ಮೇಲಿಟ್ಟು ತೂಗಿದಾಗ ಮುಂದಕ್ಕೆ ವಾಲಿತು. ಮತ್ತೊಂದರಲ್ಲಿ ಬಿಳಿ ಗುಂಡಿನ ನಡುವಿಗೇ ಹೊಡೆದು, ಅದು ಎದುರಿನ ಅಂಚಿಗೆ ತಾಗಿ ನೆಟ್ಟಗೆ ತಿರುಗಿ ಬರುತ್ತದೆಯೇ ಎಂದು ನೋಡಿದಳು. ಬಂತು. ಆದರೂ ಬೇಡವಂತೆ. ಸದ್ದು ಮೊಂಡು, ಗುಂಡಿಗೆ ತಾಗಿದ್ದು ಕೈಗೆ ಗೊತ್ತಾಗುವುದಿಲ್ಲ ಎಂದಳು. ನನಗೆ ಕಾಲು ನೋಯತೊಡಗಿತ್ತು. ಸೀರೆಯಂಗಡಿಯಲ್ಲಿ ನಾನು ಹೀಗೆ ಮಾಡಿದರೆ ಅಪ್ಪ ಮಗಳು ಇಬ್ಬರೂ ಮೂಗು ಮುರಿಯುತ್ತಾರೆ.

ಕೊನೆಗೆ ಒಂದು ಕಂದು ಬಣ್ಣದ್ದು ಸಿಕ್ಕಿತು. ಹೂವಿಲ್ಲ, ಬಳ್ಳಿಯಿಲ್ಲ, ನಾನಾದರೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅದರಲ್ಲಿ ಮೆಲ್ಲಗೆ ಹೊಡೆದಳು, ಜೋರಾಗಿ ಹೊಡೆದಳು, ಗುಂಡಿನ ಪಕ್ಕಕ್ಕೆ ಹೊಡೆದು ಸುತ್ತಿಸಿದಳು. ಅಲ್ಲಿಯವರೆಗೆ ಬಿಗಿಯಾಗಿದ್ದ ಅವಳ ಹೆಗಲು ಸಡಿಲವಾದದ್ದು ನನಗೂ ಕಂಡಿತು.

"ಅಮ್ಮ, ಇದು ಕೈಯಲ್ಲಿ ಉಂಟು ಅಂತಲೇ ಮರ್ತು ಹೋಗ್ತದೆ" ಎಂದಳು.

ಮನೀಶ್ ಕ್ಯೂವಿನ ತುದಿಯಲ್ಲಿದ್ದ ಚರ್ಮದ ಬಿಲ್ಲೆಯನ್ನು, ಅವರು ಅದಕ್ಕೆ ಟಿಪ್ ಎನ್ನುತ್ತಾರೆ, ಅರದಿಂದ ಉಜ್ಜಿ ಒರಟು ಮಾಡಿ ಕೊಟ್ಟ. ಟಿಪ್ ಯಾವತ್ತೂ ಒಣಗಿ ಒರಟಾಗಿಯೇ ಇರಬೇಕಂತೆ. ಆಗ ಮಾತ್ರ ನೀಲಿ ಚಾಕಿನ ಪುಡಿ ಅದಕ್ಕೆ ಹಿಡಿಯುತ್ತದೆ, ಇಲ್ಲದಿದ್ದರೆ ಗುಂಡಿಗೆ ತಾಗಿದ ಕೂಡಲೇ ಕ್ಯೂ ಜಾರುತ್ತದೆ. ಸುಮೇಧಾ ಗೊತ್ತಿದ್ದದ್ದನ್ನೇ ಮತ್ತೊಮ್ಮೆ ಭಕ್ತಿಯಿಂದ ಕೇಳಿಸಿಕೊಂಡಳು. ವಾಪಸು ಬರುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ದಿವಾ ಸ್ಟೇಷನ್ನಿನ ನೂಕುನುಗ್ಗಲಿಗೆ ಸಿಕ್ಕದಂತೆ ಆ ಚೀಲವನ್ನು ಮಗುವಿನ ಹಾಗೆ ಎದೆಗೆ ಒತ್ತಿ ಹಿಡಿದಿದ್ದಳು.

ಮನೆಯಲ್ಲಿ ಇವರು ಚೀಲವನ್ನು ನೋಡಿಯೂ ನೋಡದವರಂತೆ ಪೇಪರ್ ಓದಿದರು. ಆದರೆ ಮರುದಿನ ಅವಳು ಆಫೀಸಿಗೆ ಹೋದ ಮೇಲೆ ಜಿಪ್ ಎಳೆದ ಸದ್ದು ಕೇಳಿಸಿತು. ಅಡುಗೆಮನೆಯಿಂದ ಇಣುಕಿದೆ. ಇವರು ಕ್ಯೂವನ್ನು ಉಗುರಿನಿಂದ ತಟ್ಟಿ, ಕಣ್ಣ ಹತ್ತಿರ ಹಿಡಿದು, ಒಳ್ಳೆಯ ಮರ ಎಂದು ತಮಗೆ ತಾವೇ ಹೇಳಿಕೊಂಡರು. ನಾನು ಹಾಗೆಯೇ ಒಳಗೆ ಸರಿದೆ. ಆ ಹೊತ್ತಿಗೆ ಇವರ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ಮಧ್ಯಾಹ್ನಕ್ಕೆ ಕೇಳದೆಯೇ ಪತ್ರೊಡೆ ಮಾಡಿದೆ.

ಆಯುಧಪೂಜೆಯ ದಿನ ಬೆಳಿಗ್ಗೆ ತಿಂಡಿಯ ಹೊತ್ತು ಮುಗಿಯುತ್ತಲೇ ನಮ್ಮ ಹೋಟೆಲ್ ಬಾಗಿಲು ಹಾಕುತ್ತದೆ. ದೋಸೆಯ ಕಾವಲಿ, ಗ್ರೈಂಡರು, ತಕ್ಕಡಿ, ಎಲ್ಲವನ್ನೂ ಉಜ್ಜಿ ತೊಳೆದು ಸಾಲಾಗಿ ಇಡುತ್ತಾರೆ. ಲಟ್ಟಣಿಗೆ, ಮಣೆ, ಮರದ ಸಟ್ಟುಗಗಳನ್ನು ಮಾತ್ರ ಕೆಲಸದವರು ಮುಟ್ಟುವಂತಿಲ್ಲ. ಊರಿನಿಂದ ತರಿಸಿದ ತೆಂಗಿನೆಣ್ಣೆಯನ್ನು ಇವರೇ ಕೈಯಾರೆ ಅವಕ್ಕೆ ತಿಕ್ಕಿ ಕುಡಿಸುತ್ತಾರೆ. ಮರವೂ ಚರ್ಮವೂ ಒಣಗಿದರೆ ಸೀಳುತ್ತವೆ ಎಂದು ನಮ್ಮ ಮಾವನ ಕಾಲದಿಂದ ನಡೆದು ಬಂದ ಕ್ರಮ. ಪೂಜೆಗೆ ಇಟ್ಟದ್ದನ್ನು ಮರುದಿನದ ತನಕ ಯಾರೂ ಬಳಸಬಾರದು.

ಮಂಗಳಾರತಿಯ ಹೊತ್ತಿಗೆ ನಾನೂ ಸುಮೇಧಾಳೂ ಹೋದೆವು. ಗ್ರೈಂಡರಿನ ಪಕ್ಕ, ಬಾಳೆಲೆಯ ಮೇಲೆ, ಚೆಂಡುಹೂವಿನ ಮಾಲೆ ಹಾಕಿಸಿಕೊಂಡು, ಹಿಡಿಗೆ ಗಂಧ ಕುಂಕುಮ ಹಚ್ಚಿಸಿಕೊಂಡು, ಮಿರಮಿರ ಮಿಂಚುತ್ತ ಅವಳ ಕ್ಯೂ ಮಲಗಿತ್ತು. ಬೆಳಿಗ್ಗೆ ಅವಳು ಏಳುವ ಮೊದಲೇ ಇವರು ಅದನ್ನು ತಂದಿದ್ದರು. ಸುಮೇಧಾ ನನ್ನ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇವರು ಗಂಟೆ ಬಾರಿಸಿ, ಆರತಿ ಎತ್ತಿ, ತಟ್ಟೆಯನ್ನು ಅವಳ ಮುಂದೆ ಹಿಡಿಯುವಾಗ ಬೇರೆಲ್ಲೋ ನೋಡುತ್ತ ಕೇಳಿದರು.

"ನಾಳೆ ಎಷ್ಟು ಗಂಟೆಗೆ ನಿನ್ನ ಮ್ಯಾಚು?"

"ಹನ್ನೊಂದಕ್ಕೆ ಅಪ್ಪ."

"ಅಮ್ಮನನ್ನು ಒಬ್ಬಳನ್ನೇ ಅಷ್ಟು ದೂರ ಕಳಿಸ್ಲಿಕ್ಕೆ ಆಗುದಿಲ್ಲ. ನಾನೂ ಬರ್ತೇನೆ."

ನಾನು ಡೊಂಬಿವಲಿಯಿಂದ ಒಬ್ಬಳೇ ಕಾಶಿಗೆ ಹೋಗಿ ಬಂದವಳು.

ಮರುದಿನ ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕ್ಯೂವನ್ನು ತಾವೇ ಚೀಲಕ್ಕೆ ಸೇರಿಸಿ, ಠಾಣೆಯ ರೈಲು ಸ್ಟೇಷನ್ನಿನಲ್ಲಿ ವಾಶಿಯ ಗಾಡಿ ಹಿಡಿಯುವವರೆಗೂ ತಾವೇ ಹೊತ್ತರು. ಕ್ಲಬ್ಬಿನಲ್ಲಿ ಎ.ಸಿ. ಇತ್ತು, ಸಿಗರೇಟು ಇರಲಿಲ್ಲ, ಕಾಫಿ ಕೂಡ ಪರವಾಗಿಲ್ಲ ಎಂದರು. ನಾವು ಮುಂದಿನ ಸಾಲಿನಲ್ಲಿ ಕುಳಿತೆವು. ಎದುರಾಳಿ ಕಲ್ಯಾಣದ ಸೋನಾಲಿ ಎಂಬ ಹುಡುಗಿ.

ಕೈ ಪಳಗಿಸಿಕೊಳ್ಳಲೆಂದು ಹೊಡೆದ ಮೊದಲ ಹೊಡೆತಕ್ಕೇ ಸುಮೇಧಾಳ ಕ್ಯೂ ಸರ್ರನೆ ಜಾರಿತು. ಚಾಕ್ ಹಚ್ಚಿ ಮತ್ತೆ ಹೊಡೆದಳು. ಮತ್ತೆ ಜಾರಿತು. ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಮೂಗಿನ ಹತ್ತಿರ ಹಿಡಿದಳು. ಆಮೇಲೆ ತಲೆಯೆತ್ತಿ ಅಪ್ಪನನ್ನು ನೋಡಿದಳು. ಇವರು ಹೆಮ್ಮೆಯಿಂದ ತಲೆಯಾಡಿಸಿದರು. ಅವಳ ಗೆಳತಿ ಅನಘ ಓಡಿಬಂದು ತನ್ನ ಕ್ಯೂ ಚಾಚಿದಳು. ಸುಮೇಧಾ ಬೇಡವೆಂದು ಕೈಯಾಡಿಸಿದಳು.

ಆಟ ಶುರುವಾಯಿತು. ಜೋರು ಹೊಡೆತಗಳನ್ನೆಲ್ಲ ಬಿಟ್ಟು, ಗುಂಡಿನ ನಡುವಿಗೇ ಮೆತ್ತಗೆ ತಳ್ಳುತ್ತ, ಹೇಗೋ ಸಮಸಮಕ್ಕೆ ಎಳೆದುಕೊಂಡು ಹೋದಳು. ಗುಂಡು ಬಿದ್ದಾಗಲೆಲ್ಲ ಇವರು ಒಬ್ಬರೇ ರೆಫರಿ ತಿರುಗಿ ನೋಡುವಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು. ನಡುವಿನ ಬಿಡುವಿನಲ್ಲಿ ಅವಳು ಕ್ಯೂ ಸಮೇತ ಬಾತ್‌ರೂಮಿನ ಕಡೆ ಹೋದದ್ದು ಕಂಡು ನಾನೂ ಎದ್ದು ಹೋದೆ. ಟಿಶ್ಯೂ ಕಾಗದದಲ್ಲಿ ಟಿಪ್ಪನ್ನು ಉಜ್ಜುತ್ತಿದ್ದಳು. ಹತ್ತಿರ ಹೋಗುತ್ತಿದ್ದಂತೆ ನನಗೂ ತೆಂಗಿನೆಣ್ಣೆಯ ವಾಸನೆ ಬಂತು. ಒಣಗಿದ ಚರ್ಮ ಕಂಡು ಇವರು ಅದಕ್ಕೂ ಕುಡಿಸಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು, ಹೋಗಿ ಎಲ್ಲರೆದುರೇ ಕೇಳುತ್ತೇನೆ ಎಂದು ತಿರುಗಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಅಪ್ಪನ ಹತ್ರ ಹೇಳ್ಬೇಡ ಅಮ್ಮ. ಪ್ಲೀಸ್."

"ಹಾಗಾದ್ರೆ ಅನಘಂದು ತಗೊ. ಸೋಲ್ತಿ ಮಾರಾಯ್ತಿ."

"ಅಪ್ಪ ಇದನ್ನು ನೋಡ್ಲಿಕ್ಕೆ ಬಂದದ್ದು" ಎಂದು ಹೊರಗೆ ನಡೆದಳು.

ಕೊನೆಯ ಆಟದಲ್ಲಿ, ಕೊನೆಯ ಕಪ್ಪು ಗುಂಡಿಗೆ ಅವಳು ಬಿಳಿ ಗುಂಡನ್ನು ಸ್ವಲ್ಪ ಸುತ್ತಿಸಲೇಬೇಕಿತ್ತು. ಬೇರೆ ದಾರಿ ಇರಲಿಲ್ಲ. ಕ್ಯೂ ಜಾರಿತು. ಸೋನಾಲಿ ಅದೇ ಗುಂಡನ್ನು ಬೀಳಿಸಿ ಗೆದ್ದಳು. ಸುಮೇಧಾ ನಗುತ್ತಲೇ ಅವಳ ಕೈ ಕುಲುಕಿ ಬಂದಳು, ನನಗೇ ಅಳು ತಡೆಯಲಾಗಲಿಲ್ಲ. ಇವರು ಮಗಳ ಬೆನ್ನು ತಟ್ಟಿ, ಮೊದಲು ಊಟ ಮಾಡುವಾ ಎಂದರು.

ಊಟದ ನಂತರ ಇವರ ತಲೆಗೆ ಹೊಸ ಹುಳ ಹೊಕ್ಕಿತು. ಮಗಳ ಕೈಯಲ್ಲಿ ಎಳ್ಳಷ್ಟೂ ತಪ್ಪಿಲ್ಲ, ತಾನು ಕಣ್ಣಾರೆ ನೋಡಿದ್ದೇನೆ, ಅಂಗಡಿಯವನೇ ಕೆಟ್ಟ ಮಾಲು ಕೊಟ್ಟು ಟೋಪಿ ಹಾಕಿದ್ದಾನೆ. ಹೊಸತಲ್ಲವೇ, ಪಳಗಬೇಕು ಎಂದು ಸುಮೇಧಾ ಪರಿಪರಿಯಾಗಿ ಹೇಳಿದಳು. ಕೇಳುವ ಗಿರಾಕಿಯೇ ಅಲ್ಲ. ಠಾಣೆಯಲ್ಲಿ ಇಳಿದವರೇ ರಿಕ್ಷಾ ಹಿಡಿದು ಸೀದಾ ಘೋಡಬಂದರ್ ರಸ್ತೆಗೆ ನಡೆಯಿರಿ ಎಂದರು.

ಮನೀಶ್ ಹಬ್ಬದ ಮಾಲೆ ಕಟ್ಟಿ ಅಂಗಡಿ ತೆರೆದೇ ಇದ್ದ. ಇವರು ತಮ್ಮ ಹೋಟೆಲ್ ಹಿಂದಿಯಲ್ಲಿ ಅವನಿಗೆ ಮಂಗಳಾರತಿ ಎತ್ತಿದರು. ಅವನು ಪೂರ್ತಿ ಕೇಳಿಸಿಕೊಂಡು, ಕ್ಯೂ ಉರುಳಿಸಿ ನೋಡಿ, ಟಿಪ್ಪನ್ನು ಉಗುರಿನಿಂದ ಒತ್ತಿ ಮೂಸಿದ.

"ಅಂಕಲ್, ಇಸ್ಮೇ ತೋ ನಾರಿಯಲ್ ಕಾ ತೇಲ್ ಹೈ. ಯೇ ತೋ ಗಯಾ. ಕಿಸ್ನೇ ಲಗಾಯಾ?" ತೆಂಗಿನೆಣ್ಣೆ ಕುಡಿದು ಟಿಪ್ ಹಾಳಾಗಿದೆ, ಯಾರು ಹಚ್ಚಿದ್ದು ಎಂದು ಕೇಳಿದ.

"ಮೈನೇ" ಎಂದಳು ಸುಮೇಧಾ ತಕ್ಷಣ, ಹಚ್ಚಿದ್ದು ತಾನೇ ಎಂಬಂತೆ.

ಇವರು ಮಗಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಆಮೇಲೆ ತಮ್ಮ ಬಲಗೈಯ ಬೆರಳುಗಳನ್ನು ನೋಡಿಕೊಂಡರು. ಈಗ ಬಾಗಿಲ ಕಡೆ ತಿರುಗುತ್ತಾರೆ, ಇನ್ನು ಈ ಜನ್ಮದಲ್ಲಿ ಆಟದ ಹೆಸರೆತ್ತುವುದಿಲ್ಲ ಎಂದುಕೊಂಡೆ.

"ನಹೀಂ ಭಾಯ್" ಎಂದರು. "ವೋ ಝೂಟ್ ಬೋಲ್ತಿ ಹೈ. ಮೈನೇ ಲಗಾಯಾ." ಅವಳು ಹೇಳಿದ್ದು ಸುಳ್ಳು, ಹಚ್ಚಿದ್ದು ತಾನು ಎಂದು ಒಪ್ಪಿಕೊಂಡರು.

ಮದುವೆಯಾದಂದಿನಿಂದ ಈ ಮನುಷ್ಯ ತಾನು ಮಾಡಿದ್ದು ತಪ್ಪು ಎಂದು ಯಾರ ಎದುರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮನೀಶ್ ಇದರಲ್ಲೇನಿದೆ ಅಂಕಲ್, ಈಗಲೇ ಹೊಸ ಟಿಪ್ ಹಾಕಿಕೊಡುತ್ತೇನೆ ಎಂದು ಕ್ಯೂ ಎತ್ತಿಕೊಂಡು ಒಳಗಿನ ಮೇಜಿಗೆ ಹೋದ. ಹಳೆಯ ಚರ್ಮವನ್ನು ಕೊಯ್ದು ತೆಗೆಯುವುದು ಕಾಣುತ್ತಿತ್ತು. ಇವರು ಒಂದು ಸ್ಟೂಲಿನ ಮೇಲೆ ಕುಸಿದು ಕುಳಿತರು. ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ನಿನಗೆ ಅಲ್ಲಿಯೇ ಗೊತ್ತಾಗಿತ್ತಲ್ಲ ಮಗಾ. ಮತ್ತೆ ನನಗೆ ಯಾಕೆ ಬೈಲಿಲ್ಲ?"

ಸುಮೇಧಾ ಅವರ ಪಕ್ಕದಲ್ಲಿ ನೆಲದ ಮೇಲೆಯೇ ಕುಕ್ಕರಗಾಲಲ್ಲಿ ಕುಳಿತಳು. ಒಂದೊಂದೇ ಮಾತನ್ನು ಹುಡುಕಿ ಹೇಳಿದಳು.

"ಬೈದಿದ್ರೆ ನೀವು ಇನ್ನು ಯಾವತ್ತೂ ಅದನ್ನು ಮುಟ್ತಿರ್ಲಿಲ್ಲ ಅಪ್ಪ. ಮ್ಯಾಚ್ ಮತ್ತೆ ಸಿಗ್ತದೆ."

ಇವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರಸತೊಡಗಿದರು. ಒರಸಿದ್ದನ್ನೇ ಒರಸಿದರು. ನಾನು ಗೋಡೆಯ ಕಡೆ ತಿರುಗಿ, ಬೇಡದ ಕ್ಯೂಗಳನ್ನೆಲ್ಲ ಒಂದೊಂದಾಗಿ ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಮನೀಶ್ ಹೊಸ ಟಿಪ್ ಕೂರಿಸಿ, ಉಜ್ಜಿ, ಕ್ಯೂವನ್ನು ಸುಮೇಧಾಳತ್ತ ಚಾಚಿದ. ಅವಳು ಕೈ ನೀಡಲಿಲ್ಲ.

"ಅಪ್ಪಾಕೋ ದೀಜಿಯೇ" ಎಂದು ಅಪ್ಪನ ಕಡೆ ತೋರಿಸಿದಳು.

ಇವರು ಎದ್ದು ನಿಂತು, ಎರಡೂ ಅಂಗೈಗಳನ್ನು ಪ್ಯಾಂಟಿಗೆ ಚೆನ್ನಾಗಿ ಒರಸಿಕೊಂಡು, ಅದನ್ನು ತೆಗೆದುಕೊಂಡರು.