ನಾಲ್ಕು ಗ್ಲಾಸಿನ ಕಾವಲು

ರಾಮಾಂಜಿನಿಯ ಬಾರಿನಲ್ಲಿ ಸಿಗರೇಟು ಬಂದ್ ಮಾಡಿಸಿದ್ದು ಪಂಪೇಶ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಪಕ್ಕದ ಸಣ್ಣ ಬಾರು ಅದು. ಹೊಗೆ ಕಂಡರಾಗದ ಯಾರಾದರೂ ಈ ಕೆಲಸ ಮಾಡಿದ್ದರೆ ಜನ ಆಡಿಕೊಳ್ಳುತ್ತಿರಲಿಲ್ಲ. ಪಂಪೇಶ ದಿನಕ್ಕೊಂದು ಪ್ಯಾಕು ಮುಗಿಸುವವನು.

ಕಾರಣ ರಾಯಣ್ಣ. ಗಣಿಯಲ್ಲಿ ಪಂಪೇಶ ಅದಿರು ಲಾರಿಗಳ ತೂಕ ಬರೆಯುವ ಗುಮಾಸ್ತ. ರಾಯಣ್ಣ, ಗಾಳೆಪ್ಪ, ಹೊನ್ನೂರುಸ್ವಾಮಿ ಮೂವರೂ ಲೋಡರ್ ಓಡಿಸುವವರು. ಶನಿವಾರ ಸಂಜೆ ಬಸ್ಸಿಳಿದು ನಾಲ್ವರೂ ರಾಮಾಂಜಿನಿಯ ಅಡುಗೆಮನೆ ಪಕ್ಕದ ಮೇಜು ಹಿಡಿಯುವುದು ಬಹಳ ವರ್ಷಗಳ ರೂಢಿ. ಈ ಬೇಸಿಗೆಯಲ್ಲಿ ರಾಯಣ್ಣನ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯಿಂದ ಬಂದವನು ಕುಡಿಯುವುದನ್ನೂ ಸೇದುವುದನ್ನೂ ಒಟ್ಟಿಗೇ ಬಿಟ್ಟ. ಮೇಜನ್ನು ಮಾತ್ರ ಬಿಡಲಿಲ್ಲ. ಸೋಡಾ ಮುಂದಿಟ್ಟುಕೊಂಡು ಅದೇ ಕುರ್ಚಿಯಲ್ಲಿ ಕೂರತೊಡಗಿದ.

ಅವನನ್ನು ಮಾತಾಡಿಸಲು ಮನೆಗೆ ಹೋದ ದಿನ, ಅವನ ಹೆಂಡತಿ ತುಳಸಿ ಪಂಪೇಶನ ಜೊತೆ ಬೀದಿಯವರೆಗೂ ಬಂದಿದ್ದಳು.

"ಅಣ್ಣಾರ, ಅಲ್ಲಿಗೆ ಹೋಗಬ್ಯಾಡ ಅಂತ ನಾ ಅನ್ನಂಗಿಲ್ಲ. ಮನ್ಯಾಗ ಗ್ವಾಡಿ ನೋಡ್ಕಂತ ಕುಂದ್ರತಾನ, ಒಂದು ಮಾತಿಲ್ಲ. ಆದ್ರ ಹೊಗಿ ಹತ್ರ ಸುಳೀಬಾರದು ಅಂದಾರ ಡಾಕ್ಟ್ರು. ನೀವು ಓದಿದೋರು. ಏನಾರ ಮಾಡ್ರಿ."

ಆ ಮಾತು ಪಂಪೇಶನ ತಲೆಯಿಂದ ಇಳಿಯಲಿಲ್ಲ. ಮುಂದಿನ ಶನಿವಾರ ಗಲ್ಲಾದ ಮುಂದೆ ನಿಂತು ವಿಷಯ ಎತ್ತಿದ.

"ಒಳಗ ಸೇದೋದು ಬಂದ್ ಮಾಡ್ರಿ ಸಾವ್ಕಾರ್ರ. ಕಾನೂನು ಐತಿ."

"ಕಾನೂನು ಯಾವಾಗಿಂದೋ ಐತಿ. ಬೋರ್ಡೂ ಐತಿ, ಫ್ರಿಜ್ಜಿನ ಹಿಂದ," ಎಂದ ರಾಮಾಂಜಿನಿ. "ಅದನ್ನ ತೂಗುಹಾಕಿದ್ರ ಇದ್ದ ಗಿರಾಕಿ ಎಲ್ಲಾ ಎದುರಿನ ಬಾರಿಗೆ ಹೋಗ್ತಾರ."

ಗಾಳೆಪ್ಪ ಮೇಜಿನಿಂದಲೇ ಕೂಗಿದ: "ಲೇ ಪಂಪ್ಯಾ, ಬಾರಿಗೆ ಬಂದು ಆರೋಗ್ಯ ಕೇಳ್ತೀಯಲ್ಲಲೇ! ನಾಳೆ ಬಿಯರಿನಾಗ ಹಾಲು ಹಾಕ್ರಿ ಅಂತೀಯ."

"ನನ್ ಸಲುವಾಗಿ ಯಾರೂ ಏನೂ ಬಿಡಬ್ಯಾಡ್ರಿ," ಎಂದ ರಾಯಣ್ಣ. ಅಷ್ಟು ಹೇಳುವುದರಲ್ಲಿ ಕೆಮ್ಮು ಶುರುವಾಯಿತು. ನಿಲ್ಲಲಿಲ್ಲ. ಹೊನ್ನೂರುಸ್ವಾಮಿ ಬೆನ್ನು ನೀವಿದ, ಅಡುಗೆಯ ಹೊಳೆಮ್ಮ ನೀರು ತಂದಳು, ಬಾರೆಲ್ಲ ತಿರುಗಿ ನೋಡಿತು. ರಾಮಾಂಜಿನಿ ಎದ್ದು ನಿಂತೇಬಿಟ್ಟ. ಮರುದಿನವೇ ಬೋರ್ಡು ಫ್ರಿಜ್ಜಿನ ಹಿಂದಿನಿಂದ ಗೋಡೆಗೆ ಬಂತು. ಬಾರಿನೊಳಗೆ ಯಾರಾದರೂ ಹೆಣವಾಗಿ ಬಿದ್ದರೆ ಸೇದುವವರೂ ಬರುವುದಿಲ್ಲ ಎನ್ನುವುದು ಅವನ ಲೆಕ್ಕ.

ಗಾಳಿ ತಿಳಿಯಾಯಿತು. ಹೊಳೆಮ್ಮ ಕರಿಯುವ ಮಿರ್ಚಿಯ ವಾಸನೆ ಮೇಜಿನವರೆಗೂ ಬರುತ್ತಿತ್ತು. ಪಂಪೇಶನಿಗೆ ತನ್ನ ಮೇಲೆ ತನಗೇ ಸ್ವಲ್ಪ ಹೆಮ್ಮೆಯೆನಿಸಿತು.

ಆದರೆ ಬೋರ್ಡು ಹೊಗೆಯನ್ನಷ್ಟೇ ಹೊರಗೆ ಹಾಕಲಿಲ್ಲ. ಮೊದಲು ಗಾಳೆಪ್ಪ ಎದ್ದ, ಅವನ ಹಿಂದೆ ಹೊನ್ನೂರುಸ್ವಾಮಿ. ಸ್ವಲ್ಪ ಹೊತ್ತಿಗೆ ಪಂಪೇಶನೂ ತಡೆಯಲಾರದೆ ಎದ್ದ. ಹೊರಗೆ ತಗಡಿನ ಚಪ್ಪರದ ಕೆಳಗೆ ಮೂವರೂ ನಿಂತರು. ಸೂಪರ್‌ವೈಸರನ ಹೊಸ ಬೂಟಿನ ಮಾತು, ಯಾರದೋ ಮದುವೆಯಲ್ಲಿ ಸಾರು ಸಾಲದೆ ಹೋದ ಮಾತು, ಎಲ್ಲ ಅಲ್ಲೇ ಬಿಚ್ಚಿಕೊಂಡವು. ಒಳಗೆ ರಾಯಣ್ಣ ನಾಲ್ಕು ಗ್ಲಾಸು ಕಾಯುತ್ತ ಕೂತಿದ್ದ. ಇವರು ನಗುತ್ತ ಒಳಬಂದರೆ, "ಏನಾತಲೇ?" ಎನ್ನುತ್ತಿದ್ದ. "ಏನಿಲ್ಲ ಬಿಡು," ಎನ್ನುತ್ತಿದ್ದ ಗಾಳೆಪ್ಪ. ಮುಚ್ಚಿಡಬೇಕೆಂದಲ್ಲ. ಆಗಿಹೋದ ನಗೆಯನ್ನು ಮತ್ತೆ ಹೇಳಿ ನಗಿಸುವುದು ಕಷ್ಟ.

ಎರಡು ವಾರ ಹೀಗೆ ನಡೆಯಿತು. ಆಮೇಲೊಂದು ಶನಿವಾರ ರಾಯಣ್ಣನೂ ಎದ್ದು ಹೊರಗೆ ಬಂದ. ಟವೆಲ್ಲನ್ನು ಬಾಯಿಗಡ್ಡ ಹಿಡಿದು ಮೂವರ ನಡುವೆ ನಿಂತ. ಒಳಗಿದ್ದಾಗ ಹೊಗೆ ಫ್ಯಾನಿನ ಗಾಳಿಗೆ ಅಷ್ಟಿಷ್ಟು ಚದುರುತ್ತಿತ್ತು. ಇಲ್ಲಿ ಗಾಳೆಪ್ಪ ಬಿಟ್ಟ ಹೊಗೆ ನೇರ ಅವನ ಮುಖಕ್ಕೇ ಹೋಯಿತು. ರಾಯಣ್ಣ ನಕ್ಕ, ಕೆಮ್ಮಿದ, ಮತ್ತೆ ನಕ್ಕ. ಪಂಪೇಶ ಸಿಗರೇಟನ್ನು ಬೆನ್ನ ಹಿಂದೆ ಹಿಡಿದುಕೊಂಡ.

"ಒಳಗ ನಡಿ ರಾಯಣ್ಣ."

"ಒಳಗ ಯಾರದಾರಲೇ? ನಾಕು ಗ್ಲಾಸು ಅದಾವು. ಅವು ಮಾತಾಡಂಗಿಲ್ಲ."

ಆ ವಾರವೆಲ್ಲ ಪಂಪೇಶನಿಗೆ ಇದೇ ಚಿಂತೆ. ತಾನು ಮಾಡಿದ್ದು ರಾಯಣ್ಣನಿಗಾಗಿಯೋ, ಅಥವಾ ತುಳಸಿಯ ಕಣ್ಣಲ್ಲಿ ಒಳ್ಳೆಯವನಾಗಲಿಕ್ಕೋ? ರಾಯಣ್ಣನನ್ನು ಯಾರಾದರೂ ಕೇಳಿದ್ದರೇ? ಬೋರ್ಡು ತೆಗೆಸಿಬಿಡೋಣವೆಂದು ಶುಕ್ರವಾರ ಬಾರಿಗೆ ಹೋದ. ರಾಮಾಂಜಿನಿ ಇರಲಿಲ್ಲ. ವಿಷಯ ತಿಳಿದ ಹೊಳೆಮ್ಮ ಜಾಲರಿ ಸೌಟು ಕೈಯಲ್ಲಿ ಹಿಡಿದೇ ಹೊರಗೆ ಬಂದಳು.

"ಏನ್ರಿ ಪಂಪೇಶಪ್ಪ, ಈಗ ನನ್ ಕಣ್ಣು ಉರಿಯದು ನಿಂತೈತಿ. ನಿಮ್ ನಾಕು ಮಂದಿ ಸಲುವಾಗಿ ಮತ್ತ ಆ ಹೊಗಿ ತರಬ್ಯಾಡ್ರಿ."

ಅವಳನ್ನೂ ಯಾರೂ ಕೇಳಿರಲಿಲ್ಲ ಎನ್ನುವುದು ಪಂಪೇಶನಿಗೆ ಹೊಳೆದದ್ದೇ ಆಗ. ತಲೆಯಾಡಿಸಿ ಹೊರಬಂದ.

ಶನಿವಾರ ಗಾಳೆಪ್ಪ ಎಂದಿನಂತೆ ಎದ್ದ. "ಬಾರಲೇ."

"ನೀವು ಹೋಗ್ರಿ," ಎಂದ ಪಂಪೇಶ.

ಅವರಿಬ್ಬರು ಹೋದರು. ಇವರಿಬ್ಬರು ಉಳಿದರು. ಪಂಪೇಶನ ಕೈ ತಾನಾಗಿಯೇ ಜೇಬಿಗೆ ಹೋಗಿ ಬರಿದೇ ವಾಪಸು ಬಂತು. ಮೇಜಿನ ಕೆಳಗೆ ಕಾಲು ಅಲುಗುತ್ತಿತ್ತು.

"ಹೋಗಲೇ, ಸೇದಿ ಬಾ. ನನಗ ಕಾವಲು ಬ್ಯಾಡ," ಎಂದ ರಾಯಣ್ಣ.

"ಕಾವಲಲ್ಲ."

ಇಷ್ಟು ವರ್ಷ ಮಾತಾಡಿದ್ದು ನಾಲ್ವರು ಸೇರಿ. ಇಬ್ಬರೇ ಎಂದೂ ಕೂತಿರಲಿಲ್ಲ. ರಾಯಣ್ಣ ಬಾಗಿಲನ್ನೇ ನೋಡುತ್ತಿದ್ದ. ಇನ್ನೊಂದು ಕ್ಷಣ ಬಿಟ್ಟರೆ ಎದ್ದು ಹೊರಗೆ ನಡೆಯುತ್ತಾನೆ ಅನ್ನಿಸಿ ಪಂಪೇಶ ಬಾಯಿಗೆ ಬಂದದ್ದನ್ನು ಕೇಳಿದ:

"ಕಂಪ್ಲ್ಯಾಗಿನ ನಿನ್ ಭಾಮೈದ ಎಮ್ಮಿ ತಂದಾನ ಅಂದ್ರಲ್ಲ, ಹೆಂಗೈತಿ?"

ರಾಯಣ್ಣನ ಮುಖ ತಿರುಗಿತು. "ಅಯ್ಯ, ಅದನ್ನ ಕೇಳಬ್ಯಾಡ! ಹಳೇ ಒಡತಿ ಬಿಟ್ರ ಬ್ಯಾರೆ ಯಾರಿಗೂ ಹಾಲು ಕೊಡವಲ್ದು. ಕಡೀಕ ಆಕಿ ಸೀರಿ ಇಸ್ಕಂಬಂದು, ಉಟ್ಕಂಡು ಹಾಲು ಹಿಂಡ್ತಾನ. ಮೀಸಿ ಕಂಡ್ರ ಒದಿತೈತಿ ಅಂತ ತಲಿ ಮ್ಯಾಲೆ ಸೆರಗು ಬ್ಯಾರೆ!" ಎನ್ನುತ್ತ ಟವೆಲ್ಲನ್ನು ತಲೆಯ ಮೇಲೆ ಎಳೆದುಕೊಂಡು, ಮೀಸೆ ಮುಚ್ಚಿ, ಕುರ್ಚಿಯಲ್ಲೇ ಕುಕ್ಕರಗಾಲಿನಲ್ಲಿ ಕೂತು ತೋರಿಸಿದ.

ಪಂಪೇಶ ಮೇಜು ಗುದ್ದಿ ನಕ್ಕ. ಹೊಳೆಮ್ಮ ಅಡುಗೆಮನೆಯಿಂದ ಇಣುಕಿ ನಕ್ಕಳು. ಬಾಗಿಲಲ್ಲಿ ಹೊನ್ನೂರುಸ್ವಾಮಿಯ ತಲೆ ಕಂಡಿತು.

"ಏನ್ರಲೇ ಅದು?"

"ಬೀಡಿ ಬಿಟ್ಟು ಬಾ, ಹೇಳ್ತೀನಿ," ಎಂದ ರಾಯಣ್ಣ.

ಹೊನ್ನೂರುಸ್ವಾಮಿ ಬೀಡಿ ಎಸೆದು ಬಂದು ಕೂತ. ಗಾಳೆಪ್ಪ ಆಗಷ್ಟೇ ಹೊಸದು ಹಚ್ಚಿದ್ದ. ಒಂದು ಕಾಲು ಒಳಗಿಟ್ಟು, ಸಿಗರೇಟು ಹಿಡಿದ ಕೈಯನ್ನು ಬಾಗಿಲಾಚೆ ಚಾಚಿ ನಿಂತ.

"ಜೋರಾಗಿ ಹೇಳಪ್ಪೋ, ಇಲ್ಲಿಗೆ ಕೇಳವಲ್ದು!"

ರಾಯಣ್ಣ ಅವನತ್ತ ಒಮ್ಮೆ ನೋಡಿದ. ಹೊನ್ನೂರುಸ್ವಾಮಿಯ ಕಡೆಗೆ ಬಾಗಿ, ಬೇಕೆಂದೇ ದನಿ ತಗ್ಗಿಸಿ, ಎಮ್ಮೆಯ ಕಥೆಯನ್ನು ಮೊದಲಿನಿಂದ ಶುರುಮಾಡಿದ.