ದೊರೆ ಬಿಟ್ಟುಹೋದ ಕುರ್ಚಿ

ಚಾಮರಾಜನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಶಿವರುದ್ರಮ್ಮನಿಗೆ ಹೊಸ ಕಾದಂಬರಿಯೊಂದನ್ನು ಮೂರು ಸಲ ಓದಿದರೂ ಒಂದು ಸಂಗತಿ ಬಗೆಹರಿಯಲಿಲ್ಲ. ಆ ಕಥೆಯಲ್ಲಿ, ಸ್ವಾತಂತ್ರ್ಯ ಬಂದ ವರ್ಷ ಮರದ ವ್ಯಾಪಾರದ ಬಿಳಿ ದೊರೆ ತನ್ನ ಕುರ್ಚಿಯನ್ನು ಗುಮಾಸ್ತನಿಗೆ ಕೊಟ್ಟು ಹಡಗು ಹತ್ತುತ್ತಾನೆ. ಅದರ ಮೇಲೆ ಕೂರಲು ಗುಮಾಸ್ತನ ಗಂಡುಮಕ್ಕಳಿಬ್ಬರು ಕಿತ್ತಾಡುತ್ತಾರೆ. ಮಗಳು ಮಾತ್ರ ದಿನಾ ಬೆಳಿಗ್ಗೆ ಅದನ್ನು ಒರೆಸುತ್ತಾಳೆ. ಒಂದು ದಿನವೂ ಕೂರುವುದಿಲ್ಲ. ಯಾಕೆ?

ಕೇಳಿಯೇಬಿಡೋಣವೆಂದು ೧೯೫೬ರ ಒಂದು ಭಾನುವಾರ ಗುಂಡ್ಲುಪೇಟೆಯ ಬಸ್ಸು ಹತ್ತಿದಳು. ಕಾದಂಬರಿ ಬರೆದ ಗುರುಪಾದಸ್ವಾಮಿ ಅಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟರು. ಓದಿದವರೊಬ್ಬರು ಮನೆ ಹುಡುಕಿಕೊಂಡು ಬಂದದ್ದು ಅದೇ ಮೊದಲು, ಹಿಗ್ಗಿಹೋದರು.

"ಕುರ್ಚಿ ಅಂದರೆ ಅಧಿಕಾರ. ಬಿಳಿಯ ಎದ್ದ, ಕೂರೋದಕ್ಕೆ ನಮ್ಮವರೇ ಬಡಿದಾಡಿದರು."

"ಅದು ತಿಳೀತು ಮೇಷ್ಟ್ರೇ. ಆ ಹುಡುಗಿ ಯಾಕೆ ಕೂರಲಿಲ್ಲ?"

ಮೇಷ್ಟರು ದನಿ ತಗ್ಗಿಸಿ, "ನಿಜ ಹೇಳ್ತೀನಿ, ನನಗೂ ಗೊತ್ತಿಲ್ಲ. ನಮ್ಮಕ್ಕ ಹಾಗೇ ಮಾಡ್ತಿದ್ಲು. ಕಂಡದ್ದನ್ನ ಬರೆದೆ," ಎಂದರು.

ಕಾಫಿ ತಂದ ಅಕ್ಕ ಪುಟ್ಟಬಸಮ್ಮ ಬಾಗಿಲಲ್ಲೇ ನಿಂತಳು. "ನನ್ ಇಸ್ಯ ಬರ್ದಿದ್ದಿಯಾ? ಏನಂತ?"

ಆಕೆಗೆ ಓದು ಬರುತ್ತಿರಲಿಲ್ಲ. ಶಿವರುದ್ರಮ್ಮನೇ ಚೀಲದಿಂದ ಪುಸ್ತಕ ತೆಗೆದು ಆ ಪುಟವನ್ನು ಗಟ್ಟಿಯಾಗಿ ಓದಿದಳು.

ಪುಟ್ಟಬಸಮ್ಮ ನಿಂತೇ ಕೇಳಿದಳು. ಕೇಳಿ, ಮೆಲ್ಲಗೆ ಕಂಬಕ್ಕೆ ಒರಗಿ ಕೂತಳು. "ನಮ್ಮಪ್ಪ ಆ ಕುರ್ಚಿ ಮುಂದೆ ಇಪ್ಪತ್ ವರ್ಸ ಕೈ ಕಟ್ಕೊಂಡು ನಿಂತಿದ್ದ ಕಣವ್ವ. ಮನೆಗ್ ಬಂದ್ಮೇಲಾದ್ರೂ ಒಂದಿನ ಕೂತ್ಕಳ್ಳಿ ಅಂತ ಒರ್ಸಿ ಮಡಗ್ತಿದ್ದೆ. 'ನಂಗ್ಯಾಕವ್ವ ಅದು' ಅನ್ನಾನು. ಕೂರ್ದಲೇ ಸತ್ತೋದ. ಅಪ್ಪನೇ ಕೂರ್ದಿದ್ ಮೇಲೆ ನಾನೆಂಗೆ ಕೂರ್ಲಿ?"

ಗುರುಪಾದಸ್ವಾಮಿ ಬೆರಗಾಗಿ ಅಕ್ಕನನ್ನೇ ನೋಡಿದರು. "ಇಷ್ಟು ವರ್ಷ ನನಗೊಂದು ಮಾತು ಹೇಳಲಿಲ್ಲವಲ್ಲಕ್ಕ?"

"ನೀ ಯಾವತ್ ಕೇಳ್ದೆ? ನೀನೂ ನಿಮ್ಮಣ್ಣನೂ ಕಿತ್ತಾಡದ್ರಲ್ಲೇ ಇದ್ರಿ."

ಮೇಷ್ಟರ ಕಿವಿ ಕೆಂಪಾಯಿತು. ಕಾದಂಬರಿಯ ಜಗಳಗಂಟ ತಮ್ಮನ ಪಾತ್ರ ಯಾರದೆಂದು ಶಿವರುದ್ರಮ್ಮನಿಗೆ ಆಗ ಹೊಳೆಯಿತು. ಕೇಳಲು ಬಂದ ಪ್ರಶ್ನೆಗೆ ಉತ್ತರವೇನೋ ಸಿಕ್ಕಿತ್ತು, ಆದರೆ ಕುತೂಹಲ ಇನ್ನೂ ಹೆಚ್ಚಿತ್ತು. ಸಂಕೋಚದಿಂದ ಪುಸ್ತಕ ಮುಚ್ಚಹೋದಳು. ಪುಟ್ಟಬಸಮ್ಮ ಅಡ್ಡ ಕೈಯಿಟ್ಟಳು.

"ಮುಚ್ಬ್ಯಾಡ ಬುಡು. ಮೊದ್ಲಿಂದ ಓದು, ಇನ್ನೂ ಏನೇನ್ ಬರ್ದವ್ನೆ ಕೇಳನ."

ಶಿವರುದ್ರಮ್ಮ ಓದುತ್ತಲೇ ಇದ್ದಳು, ಅವಳು ಹಿಂದಿರುಗಬೇಕಿದ್ದ ಮಧ್ಯಾಹ್ನದ ಬಸ್ಸು ಹೊರಟುಹೋಯಿತು. ಎರಡನೆಯ ಅಧ್ಯಾಯಕ್ಕೇ ಪುಟ್ಟಬಸಮ್ಮ, "ಊಹೂಂ, ಇಂಗಲ್ಲ ಆಗಿದ್ದು," ಎಂದಳು.

ಮೇಷ್ಟರು ಪೆನ್ನು ತಂದು ಅಕ್ಕನ ಎದುರಿಗೆ ಕೂತು, "ಹಾಗಾದರೆ ಹೇಗಾಯ್ತಕ್ಕ?" ಎಂದು ಕೇಳಿದರು.