ಹಸಿರು ದಾರ

ಹಾಯಿದೋಣಿಯ ಕಂಬವನ್ನು ನೆಟ್ಟಗೆ ಹಿಡಿದು ನಿಲ್ಲಿಸುವ ಹಗ್ಗಗಳ ವಿಷಯದಲ್ಲಿ ಹಗ್ಗದಂಗಡಿಯ ಮೇಸ್ತ್ರಿಯದು ಕಲ್ಲು ಮನಸ್ಸು. ಉಕ್ಕಿನ ತಂತಿಯಾದರೆ ತುಕ್ಕು ಹಿಡಿದು ತನ್ನ ಕಾಯಿಲೆ ತಾನೇ ಹೇಳಿಕೊಳ್ಳುತ್ತದೆ. ಸಿಂಥೆಟಿಕ್ ಹಗ್ಗ ಹಾಗಲ್ಲ, ಬಿಸಿಲು ತಿಂದು ಒಳಗೊಳಗೇ ಸತ್ತರೂ ಮೇಲೆ ಮದುಮಗನ ಹಾಗೆ ಬೀಗುತ್ತಿರುತ್ತದೆ. ಅದಕ್ಕೇ ಐದು ವರ್ಷ ತುಂಬಿತೋ, ಕತ್ತರಿ. ಇನ್ನೊಂದು ವರ್ಷ ಬಾಳೀತು ಎಂದು ದೋಣಿಯವರು ಗೋಗರೆದರೆ, ಈಜು ಬರುತ್ತದೆಯೇ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದ. ಲೆಕ್ಕ ತಪ್ಪದಿರಲೆಂದು ಪ್ರತಿ ಹಗ್ಗದ ತುದಿಯ ಹೊಲಿಗೆಗೆ ಆಯಾ ವರ್ಷದ ಬಣ್ಣದ ದಾರ. ಈ ವರ್ಷದ್ದು ಹಸಿರು.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಸ್ವಂತ ದೋಣಿಯ ಹತ್ತಿರ ಬಂದಾಗ ಮೇಸ್ತ್ರಿ ಸೋತ. ಅದರ ಒಂದು ಹಗ್ಗ ಅವನ ಹೆಂಡತಿ ಹೆಣೆದದ್ದು. ಅವಳು ಎಡಚಿ, ಅವಳ ಹೊಲಿಗೆ ಉಳಿದವರದಕ್ಕಿಂತ ಉಲ್ಟಾ ವಾಲುತ್ತಿತ್ತು. ಹೆಣೆದ ಮರುತಿಂಗಳೇ ತೀರಿಕೊಂಡಳು. ಅದಾಗಿ ಆರು ವರ್ಷ. ಮೂರು ಸಲ ಕತ್ತರಿ ಹಿಡಿದು ಹೋದವನು ಮೂರು ಸಲವೂ ಆ ಹೊಲಿಗೆಯನ್ನು ಸವರಿ ವಾಪಸು ಬಂದ.

ಒಂದು ವರ್ಷದಿಂದ ದಡದಲ್ಲೇ ಬಿದ್ದಿದ್ದ ಆ ದೋಣಿಯನ್ನು ಮಗಳು ಮತ್ತೆ ನೀರಿಗಿಳಿಸುತ್ತೇನೆಂದಳು. ದೋಣಿ ಬಿಡುವ ಮುಂಚೆ ದಾರದ ಬಣ್ಣ ನೋಡದೆ ಹತ್ತುವವಳಲ್ಲ ಅವಳು. ಹಳೆಯದು ಕಂಡರೆ ಅವಳೇ ಕತ್ತರಿಸುತ್ತಾಳೆಂಬ ಭಯಕ್ಕೆ ಅವನು ಹಗ್ಗವನ್ನು ಸೋಪುನೀರಿನಲ್ಲಿ ತಿಕ್ಕಿದ. ಹೆಂಡತಿಯ ಕೆಂಪು ದಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಅದೇ ತೂತುಗಳಲ್ಲಿ ಹಸಿರು ಪೋಣಿಸಿದ. ಬರುವ ತಿಂಗಳು ಬದಲಿಸಿದರಾಯಿತು, ಹೇಗೂ ಮಗಳು ದಡ ಬಿಟ್ಟು ದೂರ ಹೋಗುವುದಿಲ್ಲ ಎಂದುಕೊಂಡ.

ಒಂಬತ್ತನೆಯ ದಿನ ಮಗಳು ದೋಣಿಯಲ್ಲಿದ್ದಾಗ ಗಾಳಿ ಜೋರಾಯಿತು. ಆ ಹಗ್ಗವೇ ತುಂಡಾಗಿ ಕಂಬ ಮಗಳ ಬಲಗೈ ಮೇಲೆ ಬಿತ್ತು. ಆಸ್ಪತ್ರೆಯವರು ನಾಲ್ಕು ಬೆರಳು ತೆಗೆದರು. ಅಂಗಡಿಯ ಬೆಂಚಿನಲ್ಲಿ ಅವನ ಪಕ್ಕವೇ ಕೂತು ಅವನಿಗಿಂತ ಚೊಕ್ಕವಾಗಿ ಹಗ್ಗ ಹೆಣೆಯುತ್ತಿದ್ದ ಕೈ ಅದು.

ಎಚ್ಚರವಾದಾಗ ಮಗಳು ಬೈಯಲಿಲ್ಲ. ಹೊಸ ಹಗ್ಗದಲ್ಲೇ ಏನೋ ದೋಷವಿತ್ತು, ನಿನ್ನ ತಪ್ಪಲ್ಲ ಎಂದು ಅವನನ್ನೇ ಸಮಾಧಾನ ಮಾಡಿದಳು.

“ನೀನು ಅಮ್ಮನ ಥರಾನೇ ವಾಲಿಸಿ ಹೊಲಿದಿದ್ದೆ ಅಲ್ವಾ ಅಪ್ಪ? ಅದನ್ನ ನೋಡಿ ನಂಗೆ ಎಷ್ಟು ಖುಷಿಯಾಯ್ತು ಗೊತ್ತಾ.”

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವನು ಜೇಬಿನಿಂದ ಬಣ್ಣ ಮಾಸಿದ ಕೆಂಪು ದಾರ ತೆಗೆದು ಅವಳ ಎಡ ಅಂಗೈಯಲ್ಲಿ ಇಟ್ಟ. ಅವಳೂ ಅದೇ ಕಸುಬಿನವಳು, ಬಿಡಿಸಿ ಹೇಳಬೇಕಾಗಲಿಲ್ಲ. ದಾರದ ಸಮೇತ ಅಂಗೈ ಮುಚ್ಚಿದಳು.

“ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಅಪ್ಪ. ಹೊಲಿಗೆ ಇದ್ದ ತುದಿ ಗೇಣುದ್ದ ಕತ್ತರಿಸಿ ಮನೇಲಿ ಇಟ್ಕೋಬಹುದಿತ್ತು.”

ಆರು ವರ್ಷದಲ್ಲಿ ಅದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.